ಹಸುಗೂಸಿನ ಮೂತ್ರ ಕಟ್ಟಿದಾಗ



ತೊಟ್ಟಿಲ ಬಟ್ಟೆ ಪದೇ ಪದೇ ಒದ್ದೆಯಾದರೆ ತಾಯಂದಿರಿಗೆ ಬೇಸರವಾಗುವುದು ಸಹಜ. ಆದರೆ ವೈದ್ಯರಿಗೆ ಅದು ಆರೋಗ್ಯದ ಕುರುಹು. ನವಜಾತ ಶಿಶುವು ಸಾಮಾನ್ಯವಾಗಿ 24 ಗಂಟೆಗಳೊಳಗೆ ಮೂತ್ರ ವಿಸರ್ಜಿಸುತ್ತದೆ. ಮೊದಲ ವಾರದ ತರುವಾಯ, ಎದೆಹಾಲು ಸಾಕಷ್ಟು ದೊರೆತರೆ, ದಿನಕ್ಕೆ 6 ಸಲವಾದರೂ ಬಟ್ಟೆ ಒದ್ದೆಯಾಗಬೇಕು.

ಹಾಲು ಸಾಲದೆ ಮೂತ್ರ ಕಡಿಮೆಯಾಗುವುದು ಬೇರೆ. ಉತ್ಪತ್ತಿಯಾದ ಮೂತ್ರವು ಹೊರಬಾರದೆ ಕಟ್ಟಿಕೊಳ್ಳುವುದು ಬೇರೆ. ಎರಡನೆಯದರಲ್ಲಿ ಹೊಕ್ಕುಳ ಕೆಳಗೆ ಉಬ್ಬು ಕೈಗೆ ತಗಲುತ್ತದೆ. ಇದು ಅಪರೂಪವಾದರೂ ಅಪಾಯಕರ.

ಇದಕ್ಕೆ ಕಾರಣಗಳು ಹಲವು. ಗಂಡುಮಗುವಿನ ಮೂತ್ರನಾಳದೊಳಗೆ ಹುಟ್ಟಿನಿಂದಲೇ ತೆಳುಪೊರೆಯ ಕವಾಟವಿದ್ದು ದಾರಿಗೆ ಅಡ್ಡಿಯಾಗಬಹುದು. ಹೆಣ್ಣುಮಗುವಿನ ಯೋನಿದ್ವಾರದ ಪೊರೆಯು ಪೂರ್ಣವಾಗಿ ಮುಚ್ಚಿದ್ದು, ಒಳಗೆ ದ್ರವ ತುಂಬಿ ಮೂತ್ರದ ಹಾದಿಯನ್ನು ಒತ್ತಬಹುದು. ಮೂತ್ರಪಿಂಡದಿಂದ ಬರುವ ನಾಳದ ತುದಿಯು ಚೀಲದಂತೆ ಊದಿಕೊಂಡು ಮೂತ್ರಕೋಶದ ಬಾಯಿಯನ್ನು ಮುಚ್ಚಬಹುದು. ಬೆನ್ನುಹುರಿಯ ದೋಷದಿಂದ ಮೂತ್ರಕೋಶದ ನರಗಳು ಕೆಲಸ ಮಾಡದಿರಬಹುದು. ಸೊಂಟದ ಹಿಂಭಾಗದ ಗಂಟು, ಕೂದಲಿನ ಗೊಂಚಲು, ಆಳವಾದ ಕುಳಿ ಇದರ ಸುಳಿವುಗಳು.

ಒಂದು ಮಾತನ್ನು ವಿಶೇಷವಾಗಿ ನೆನಪಿಡಿರಿ. ತುಂಬಿದ ಕೆರೆಯು ಕೋಡಿ ಹರಿಯುವಂತೆ, ತುಂಬಿದ ಮೂತ್ರಕೋಶದಿಂದಲೂ ಮೂತ್ರವು ಜಿನುಗುತ್ತದೆ. ಆದುದರಿಂದ ಬಟ್ಟೆ ಒದ್ದೆಯಿದೆಯೆಂದು ನಿಶ್ಚಿಂತರಾಗಬೇಡಿರಿ. ಮೂತ್ರವು ಧಾರೆಯಾಗಿ ಹೋಗುವುದೇ, ತೊಟ್ಟಿಕ್ಕುವುದೇ, ಮಗು ತಿಣುಕುವುದೇ ಎಂಬುದನ್ನು ಗಮನಿಸಿರಿ. ತಡವಾದಷ್ಟೂ ಒತ್ತಡವು ಹಿಂದಕ್ಕೆ ಸರಿದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೆಟ್ಟ ಮೂತ್ರಪಿಂಡವು ಮತ್ತೆ ಮೊದಲಿನಂತಾಗದು.

ಹೊಟ್ಟೆ ಉಬ್ಬಿತೆಂದು ಬರೆ ಹಾಕಿಸಬೇಡಿರಿ, ಉಬ್ಬನ್ನು ಅದುಮಬೇಡಿರಿ, ನೀರು, ಕಷಾಯ ಕುಡಿಸಬೇಡಿರಿ, ಗಂಡುಮಗುವಿನ ಮುಂದೊಗಲನ್ನು ಬಲವಂತವಾಗಿ ಹಿಂದೆಳೆಯಬೇಡಿರಿ. ಹುಟ್ಟಿದ 24 ಗಂಟೆಗಳಾದರೂ ಮೂತ್ರವಾಗದಿದ್ದರೆ, ಅನಂತರದ ದಿನಗಳಲ್ಲಿ 12 ಗಂಟೆ ಮೂತ್ರವಾಗದಿದ್ದರೆ, ಇಲ್ಲವೆ ಜ್ವರ, ವಾಂತಿ, ಹಾಲು ಕುಡಿಯದಿರುವಿಕೆ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ. ದಾರಿಯಲ್ಲಿಯೂ, ಮಗು ಕುಡಿಯುವುದಾದರೆ, ಎದೆಹಾಲು ಕೊಡಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿರಿ.

ಆಸ್ಪತ್ರೆಯಲ್ಲಿ ಸಣ್ಣ ನಳಿಕೆಯಿಂದ ಮೂತ್ರವನ್ನು ಹೊರತೆಗೆದು, ಸ್ಕ್ಯಾನಿಂಗ್ ಮೂಲಕ ಕಾರಣವನ್ನು ಹುಡುಕುತ್ತಾರೆ. ಕವಾಟವನ್ನು ಸಾಮಾನ್ಯವಾಗಿ ಹೊಟ್ಟೆ ಕೊಯ್ಯದೆ, ಮೂತ್ರದ್ವಾರದ ಮೂಲಕವೇ ತೆಗೆಯಲು ಸಾಧ್ಯ. ಅನಂತರವೂ ವರ್ಷಗಟ್ಟಲೆ ತಪಾಸಣೆ ಅವಶ್ಯಕ.

ಇದು ತಾಯಿಯ ತಪ್ಪಲ್ಲ, ಗ್ರಹಣದ ದೋಷವೂ ಅಲ್ಲ. ಮುಂದಿನ ಮಗುವನ್ನು ಬಯಸುವ ದಂಪತಿಗಳು ಗರ್ಭಧಾರಣೆಗೆ ಮೊದಲೇ ವೈದ್ಯರನ್ನು ಕಾಣಿರಿ. ಆಗಿನಿಂದಲೇ ಫೋಲಿಕ್ ಆಮ್ಲದ ಮಾತ್ರೆ ಸೇವಿಸಿದರೆ ಬೆನ್ನುಹುರಿಯ ದೋಷಗಳ ಸಂಭವ ಕಡಿಮೆಯಾಗುತ್ತದೆ. ಗರ್ಭಿಣಿಯ ಸ್ಕ್ಯಾನಿಂಗ್ ತಪ್ಪಿಸಬೇಡಿರಿ. ಕೆಲವು ದೋಷಗಳು ಅದರಲ್ಲಿಯೇ ತಿಳಿಯುತ್ತವೆ.

ಮಗುವಿನ ಬಟ್ಟೆ ಬದಲಿಸುವ ಕೆಲಸ ತಾಯಿಯೊಬ್ಬಳದೇ ಅಲ್ಲ. ತಂದೆಯೂ ಕೈಜೋಡಿಸಲಿ, ನಾಲ್ಕು ಕಣ್ಣುಗಳು ನೋಡಿದರೆ ದೋಷವು ಬೇಗ ಕಾಣುತ್ತದೆ.