ಮಿದುಳುಪೊರೆಯ ಉರಿಯೂತ



ಜ್ವರ, ತಲೆನೋವು, ವಾಂತಿ, ಈ ಮೂರೂ ನಮ್ಮ ಮನೆಗಳಿಗೆ ಅಪರೂಪದ ಅತಿಥಿಗಳಲ್ಲ. ಬಹುಮಟ್ಟಿಗೆ ಅವು ಬಂದಂತೆಯೇ ಹೊರಟುಹೋಗುವುವು. ಆದರೆ ಒಮ್ಮೊಮ್ಮೆ ಇದೇ ವೇಷದಲ್ಲಿ ಬೇರೊಂದು ರೋಗವು ಬರುವುದುಂಟು. ಬೆಳಗ್ಗೆ ಮಾತನಾಡುತ್ತಿದ್ದವನು ಸಂಜೆಯ ವೇಳೆಗೆ ಪ್ರಜ್ಞೆ ತಪ್ಪಿರುತ್ತಾನೆ. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ತೆಳುಪೊರೆಗಳಲ್ಲಿ ಬ್ಯಾಕ್ಟೀರಿಯಗಳು ಹೊಕ್ಕು ಕೀವುಗಟ್ಟಿಸುವ ಈ ರೋಗಕ್ಕೆ ವೈದ್ಯರು ಮೆನಿಂಜೈಟಿಸ್ ಎನ್ನುವರು. ಇಂದಿನ ಔಷಧಗಳಿದ್ದರೂ ಇದಕ್ಕೆ ತುತ್ತಾದ ಆರು ಮಂದಿಯಲ್ಲಿ ಸುಮಾರು ಒಬ್ಬರು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಕುತ್ತಿಗೆ ಬಿಗಿಯದಿದ್ದರೆ ಈ ರೋಗವಲ್ಲವೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇದೆ. ಅದು ಸರಿಯಲ್ಲ. ಹಾಲೆಂಡಿನಲ್ಲಿ ವಯಸ್ಕರ ೬೯೬ ಪ್ರಸಂಗಗಳನ್ನು ಪರಿಶೀಲಿಸಿ ೨೦೦೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜ್ವರ, ಕುತ್ತಿಗೆಯ ಬಿಗಿತ, ಬುದ್ಧಿಯ ಮಂಕು ಮೂರೂ ಕೂಡಿ ಕಂಡದ್ದು ನೂರಕ್ಕೆ ೪೪ರಲ್ಲಿ ಮಾತ್ರ. ತಲೆನೋವನ್ನೂ ಸೇರಿಸಿದರೆ, ಈ ನಾಲ್ಕರಲ್ಲಿ ಎರಡಾದರೂ ನೂರಕ್ಕೆ ೯೫ರಲ್ಲಿ ಇದ್ದುವು. ಆದಕಾರಣ ಎರಡು ಕಂಡರೆ ಮೂರನೆಯದಕ್ಕಾಗಿ ಕಾಯತಕ್ಕದ್ದಲ್ಲ. ಎಳೆಯ ಕೂಸುಗಳಲ್ಲಂತೂ ಕುತ್ತಿಗೆ ಬಿಗಿಯದೆಯೇ ಇರಬಹುದು. ಮೊಲೆಯುಣ್ಣದಿರುವುದು, ಎತ್ತಿಕೊಂಡರೂ ನಿಲ್ಲದ ಕೀರಲು ಅಳು, ನೆತ್ತಿಯ ಉಬ್ಬು, ಇವೇ ಅಲ್ಲಿನ ಗುರುತುಗಳು. ಗಾಜಿನ ಲೋಟವನ್ನು ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆಗಳು ಮೈಮೇಲೆ ಎದ್ದರೆ ಗಳಿಗೆಯೂ ತಡೆಯಬಾರದು. ನಮ್ಮ ಮೈಬಣ್ಣದಲ್ಲಿ ಅವು ಸುಲಭವಾಗಿ ಕಾಣವು; ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಭಾಗಗಳನ್ನು ನೋಡಬೇಕು.

ಇನ್ನು ಜನರು ಹೆಚ್ಚಾಗಿ ಅಂಜುವ ವಿಷಯಕ್ಕೆ ಬರುತ್ತೇನೆ. ರೋಗವನ್ನು ನಿಶ್ಚಯಿಸಲು ಬೆನ್ನಿನಿಂದ ನೀರು ತೆಗೆಯಬೇಕು ಎಂದೊಡನೆ ಮನೆಯವರು ಹಿಂಜರಿಯುವರು. ಸೊಂಟವೇ ಬಿದ್ದುಹೋಗುವುದೆಂದು ನೆರೆಯವರಾರೋ ಹೇಳಿರುತ್ತಾರೆ. ೧೮೯೧ರಲ್ಲಿ ಜರ್ಮನಿಯ ಕ್ವಿಂಕೆ ಎಂಬ ವೈದ್ಯನು ಬಳಕೆಗೆ ತಂದ ಕ್ರಮವಿದು. ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲನೆಯ ಅಥವಾ ಎರಡನೆಯ ಮೂಳೆಯ ಬಳಿಯೇ ಮುಗಿದುಹೋಗುತ್ತದೆ. ಸೂಜಿಯು ಹೋಗುವುದು ಅದಕ್ಕಿಂತ ಕೆಳಗೆ. ಬಳಿಕ ಕೆಲವರಿಗೆ ಎರಡು ಮೂರು ದಿನ ತಲೆನೋವು ಬರುವುದುಂಟು, ನಿಜ. ಆದರೆ ಆ ಹತ್ತಿಪ್ಪತ್ತು ಹನಿಗಳು ಹೇಳುವಷ್ಟನ್ನು ಬೇರಾವುದೂ ಹೇಳಲಾರದು. ಆರೋಗ್ಯವಂತನಲ್ಲಿ ಆ ದ್ರವವು ತಿಳಿನೀರಿನಂತಿರುತ್ತದೆ. ಒಂದು ಘನ ಮಿಲಿಮೀಟರಿಗೆ ಐದಕ್ಕಿಂತ ಹೆಚ್ಚು ಬಿಳಿಯ ಕಣಗಳಿರವು. ಈ ರೋಗದಲ್ಲಿ ಅದು ಅಕ್ಕಿಗಂಜಿಯಂತೆ ಕದಡಿ, ಕಣಗಳು ಅನೇಕವೇಳೆ ಸಾವಿರವನ್ನು ಮೀರುತ್ತವೆ. ಸಕ್ಕರೆಯು ಇಳಿದು ಪ್ರೋಟೀನು ಏರುತ್ತದೆ. ಗ್ರಾಮ್ ಬಣ್ಣವನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ರಿಮಿಯೇ ಕಾಣಿಸಿಕೊಳ್ಳಬಹುದು. ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಗಳನ್ನು ಮೊದಲೇ ನುಂಗಿಸಿದ್ದರೆ ಈ ಸಾಕ್ಷ್ಯವು ಅಳಿಸಿಹೋಗುವ ಸಂಭವವಿದೆ. ರೋಗವು ಮಾತ್ರ ಅಳಿಯುವುದಿಲ್ಲ.

ಹಾಗೆಂದು ಪರೀಕ್ಷೆಗಾಗಿ ಚಿಕಿತ್ಸೆಯು ಕಾಯಬಾರದು. ರೋಗಿಗೆ ಫಿಟ್ಸು ಬಂದಿದ್ದರೆ, ಪ್ರಜ್ಞೆ ತೀರ ಕುಂದಿದ್ದರೆ, ಒಂದು ಪಕ್ಕದ ಕೈಕಾಲು ಸೋತಿದ್ದರೆ, ಸೂಜಿಗೆ ಮುನ್ನ ತಲೆಯ ಸ್ಕ್ಯಾನ್ ಬೇಕಾಗುತ್ತದೆ. ಆಗ ವೈದ್ಯರು ಪರೀಕ್ಷೆಗೆ ರಕ್ತವನ್ನು ತೆಗೆದುಕೊಂಡು, ಕೂಡಲೇ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸಾಧಾರಣವಾಗಿ ಸೆಫ್ಟ್ರಯಾಕ್ಸೋನ್, ಜೊತೆಗೆ ಹಲವು ವೇಳೆ ವ್ಯಾಂಕೋಮೈಸಿನ್. ವಯಸ್ಸಾದವರಿಗೆ ಆಂಪಿಸಿಲಿನ್ ಸಹ. ಮೊದಲ ಸರದಿಯೊಡನೆ ಅಥವಾ ಅದಕ್ಕೂ ತುಸು ಮುಂಚೆ ಡೆಕ್ಸಾಮೆಥಸೋನ್ ಕೊಡುವ ಪದ್ಧತಿಯೂ ಇದೆ. ಯೂರೋಪಿನಲ್ಲಿ ೩೦೧ ವಯಸ್ಕರ ಮೇಲೆ ನಡೆದು ೨೦೦೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದರಿಂದ ಸಾವು ನೂರಕ್ಕೆ ೧೫ರಿಂದ ೭ಕ್ಕೆ ಇಳಿಯಿತು. ಆಫ್ರಿಕದ ಮಲಾವಿಯಲ್ಲಿ ಮುಂದೆ ನಡೆದ ಪ್ರಯೋಗದಲ್ಲಿ ಈ ಲಾಭವು ಕಾಣಲಿಲ್ಲ. ಒಂದೇ ಔಷಧವು ಎಲ್ಲ ನಾಡುಗಳಲ್ಲಿಯೂ ಒಂದೇ ಫಲವನ್ನು ಕೊಡಬೇಕೆಂಬ ನಿಯಮವಿಲ್ಲವಷ್ಟೆ.

ಮೆನಿಂಗೋಕಾಕಸ್ ಎಂಬ ಕ್ರಿಮಿಯು ಕಾರಣವಾಗಿದ್ದರೆ ಮನೆಯವರಿಗೂ ತಡೆಯ ಔಷಧವನ್ನು ಕೊಡಬೇಕು. ಹಿಬ್ ಮತ್ತು ನ್ಯೂಮೋಕಾಕಸ್ ಕ್ರಿಮಿಗಳ ವಿರುದ್ಧದ ಲಸಿಕೆಗಳು ನಮ್ಮ ದೇಶದ ಮಕ್ಕಳಿಗೆ ಸರ್ಕಾರದ ಕಾರ್ಯಕ್ರಮದಲ್ಲಿಯೇ ದೊರೆಯುತ್ತವೆ.

ಜ್ವರವಿಳಿದು ರೋಗಿಯು ಎದ್ದು ಕುಳಿತನೆಂದರೆ ಮನೆಯವರು ನಿಶ್ಚಿಂತರಾಗುವರು. ಆದರೆ ಆಸ್ಪತ್ರೆಯನ್ನು ಬಿಡುವ ಮೊದಲೇ, ತಪ್ಪಿದರೆ ನಾಲ್ಕು ವಾರದೊಳಗೆ, ಕಿವಿಯನ್ನು ಪರೀಕ್ಷಿಸಬೇಕು. ಮಗುವು ಕರೆದರೆ ತಿರುಗದಿದ್ದುದನ್ನು ಹಟವೆಂದೋ ನಿಶ್ಶಕ್ತಿಯೆಂದೋ ಎಣಿಸುವುದುಂಟು. ಕಿವುಡು ತೀವ್ರವಾಗಿದ್ದರೆ ಒಳಗಿವಿಯಲ್ಲಿ ಕಾಕ್ಲಿಯರ್ ಸಾಧನವನ್ನು ಇಡಬಹುದು. ಆದರೆ ಕೆಲವರಲ್ಲಿ ಆ ಸುರುಳಿಯು ವಾರಗಳಲ್ಲಿಯೇ ಎಲುಬುಗಟ್ಟತೊಡಗುತ್ತದೆ, ಆಮೇಲೆ ಸಾಧನಕ್ಕೆ ಎಡೆ ಸಿಕ್ಕುವುದು ಕಷ್ಟ.