ದೆವ್ವದ ಚಿತ್ರಗಳು: ಎರಡು ಮಾತು



ನಾವು ವಿಮರ್ಶಕರಲ್ಲ, ಸಂಬಳವಾದ ವಾರ ಚಿತ್ರ ನೋಡುವವರು. ಹೆದರಿಸುವ ಚಿತ್ರಗಳಲ್ಲಿ ಎರಡು ಬಗೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ನಾಯಕನನ್ನು ಹಿಡಿದದ್ದು ಪ್ರೇತವೇ. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿ ಎಷ್ಟು ಅಬ್ಬರಿಸಿದರೂ, ಕಾಯಿಲೆ ಗಂಗಾಳ ಮನಸ್ಸಿನದೆಂದು ವೈದ್ಯನೇ ಕಂಡುಹಿಡಿಯುತ್ತಾನೆ. ಮಲಯಾಳದಲ್ಲಿ 1993ರಲ್ಲೇ ಬಂದಿದ್ದ ಈ ಕಥೆ 2005ರಲ್ಲಿ ತಮಿಳಿನ ‘ಚಂದ್ರಮುಖಿ’ಯಾಗಿ ಇದೇ ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ 800ಕ್ಕೂ ಹೆಚ್ಚು ದಿನ ಓಡಿತು.

ನಮಗೆ ಎರಡನೆಯ ಬಗೆಯೇ ಮೆಚ್ಚು. ಶೋಳಿಂಗನಲ್ಲೂರಿಗೆ ಒಂಟಿಯಾಗಿ ದುಡಿಯಲು ಬಂದ ಹುಡುಗನೊಬ್ಬ ನಿದ್ದೆಗೆಟ್ಟು ತನ್ನಷ್ಟಕ್ಕೆ ಮಾತಾಡತೊಡಗಿದರೆ, ‘ಮೆಟ್ಟಿಕೊಂಡಿದೆ’ ಎಂದು ತಾಯಿತ ಹುಡುಕುವವರಿದ್ದಾರೆ. ಅಷ್ಟರಲ್ಲಿ ಕಾಯಿಲೆ ಬಲಿಯುತ್ತದೆ. ಕೀಳ್ಪಾಕ್ಕದಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯಿದೆ. ಒಂದು ದಿನದ ಕೂಲಿ ಹೋದರೂ ಸರಿ, ಜತೆಯಲ್ಲಿ ನಾವೇ ಹೋಗೋಣ.