ಒಂಟೆ, ಸೂಜಿ ಮತ್ತು ಸಿರಿವಂತ



ಧರ್ಮಗ್ರಂಥದ ಒಂದು ಮಾತು ನಮ್ಮ ನಡತೆಯನ್ನು ತಿದ್ದಬೇಕಾದರೆ, ಮೊದಲು ಆ ಮಾತಿನ ಅರ್ಥ ನಮಗೆ ತಿಳಿಯಬೇಕು. ಆದರೆ ಅರ್ಥ ಹೇಳುವವರೂ ನಮ್ಮಂಥ ಮನುಷ್ಯರೇ. ಮಾತು ಕಠಿಣವಾಗಿದ್ದರೆ ಅದನ್ನು ತಮಗೆ ಅನುಕೂಲವಾದ ಕಡೆಗೆ ಬಾಗಿಸಿಕೊಳ್ಳುವ ಆಸೆ ಯಾರಿಗೂ ತಪ್ಪಿದ್ದಲ್ಲ. ಹಾಗಿದ್ದರೆ ಸರಿಯಾದ ವ್ಯಾಖ್ಯಾನವನ್ನೂ ನೆಪ ಹೇಳುವ ವ್ಯಾಖ್ಯಾನವನ್ನೂ ಬೇರ್ಪಡಿಸುವುದು ಹೇಗೆ? ಈ ಪ್ರಶ್ನೆ ಎಲ್ಲ ಧರ್ಮಗಳ ಗ್ರಂಥಗಳಿಗೂ ಸಂಬಂಧಿಸಿದ್ದು. ಇಂದು ನಾವು ಕ್ರೈಸ್ತರ ಸುವಾರ್ತೆಗಳಿಂದ ಒಂದೇ ಒಂದು ಪ್ರಸಂಗವನ್ನು ತೆಗೆದುಕೊಂಡು ಇದನ್ನು ವಿಚಾರ ಮಾಡೋಣ. ನಾನು ವಿಜ್ಞಾನ ಓದಿದವನು, ದೈವಶಾಸ್ತ್ರದ ಪಂಡಿತನಲ್ಲ. ಆದ್ದರಿಂದ ಪ್ರಯೋಗಶಾಲೆಯಲ್ಲಿ ಮಾಡುವಂತೆ ಒಂದೊಂದೇ ಹೆಜ್ಜೆ ಇಟ್ಟು ನೋಡೋಣ.

ಪ್ರಸಂಗ ಹೀಗಿದೆ. ಯೇಸು ದಾರಿ ಹಿಡಿದು ಹೊರಟಿರುವಾಗ ಒಬ್ಬನು ಓಡಿಬಂದು, ಮೊಣಕಾಲೂರಿ, ನಿತ್ಯಜೀವ ಪಡೆಯಲು ತಾನೇನು ಮಾಡಬೇಕೆಂದು ಕೇಳುತ್ತಾನೆ. ಯೇಸು ಅವನಿಗೆ ದೇವರ ಆಜ್ಞೆಗಳನ್ನು ನೆನಪಿಸುತ್ತಾನೆ. ಅವೆಲ್ಲವನ್ನೂ ಚಿಕ್ಕಂದಿನಿಂದಲೇ ಪಾಲಿಸಿದ್ದೇನೆಂದು ಅವನು ಉತ್ತರಿಸುತ್ತಾನೆ. ಆಗ ಯೇಸು, ನಿನಗೆ ಒಂದು ಕೊರತೆಯಿದೆ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಎನ್ನುತ್ತಾನೆ. ಬಂದವನ ಮುಖ ಬಾಡುತ್ತದೆ. ಅವನಿಗೆ ಬಹಳ ಆಸ್ತಿಯಿತ್ತು, ದುಃಖದಿಂದ ಹೊರಟುಹೋಗುತ್ತಾನೆ. ಆಮೇಲೆ ಯೇಸು ಶಿಷ್ಯರಿಗೆ, ಐಶ್ವರ್ಯವಂತನು ದೇವರ ರಾಜ್ಯವನ್ನು ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ತೂರುವುದು ಸುಲಭವೆಂದು ಹೇಳುತ್ತಾನೆ.

ಮೂರು ವರದಿಗಳು

ಮೊದಲ ಹೆಜ್ಜೆ, ಬರೆದಿರುವುದು ಏನು ಎಂದು ನೋಡುವುದು. ಈ ಪ್ರಸಂಗ ಮೂರು ಸುವಾರ್ತೆಗಳಲ್ಲಿದೆ: ಮಾರ್ಕನ 10ನೆಯ ಅಧ್ಯಾಯ, ಮತ್ತಾಯನ 19ನೆಯ ಅಧ್ಯಾಯ, ಲೂಕನ 18ನೆಯ ಅಧ್ಯಾಯ. ಮೂರು ಕ್ಯಾಮೆರಾಗಳು ಒಂದೇ ಘಟನೆಯನ್ನು ಬೇರೆಬೇರೆ ಕೋನಗಳಿಂದ ಹಿಡಿದಂತೆ ಇವು ಕಾಣುತ್ತವೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಮಾರ್ಕನದು ಮೊದಲು ಬರೆದದ್ದು, ಉಳಿದಿಬ್ಬರು ಅದನ್ನು ಮುಂದಿಟ್ಟುಕೊಂಡು ಬರೆದರು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ.

ಸಾಮಾನ್ಯವಾಗಿ ಈ ಮನುಷ್ಯನನ್ನು 'ಐಶ್ವರ್ಯವಂತನಾದ ಯುವಕ ಅಧಿಕಾರಿ' ಎನ್ನುತ್ತಾರೆ. ಗಮನಿಸಿ, ಈ ವರ್ಣನೆ ಯಾವ ಒಂದು ಸುವಾರ್ತೆಯಲ್ಲಿಯೂ ಇಲ್ಲ. ಅವನು ಯುವಕನೆಂದು ಹೇಳುವವನು ಮತ್ತಾಯ ಮಾತ್ರ. ಅಧಿಕಾರಿ ಎನ್ನುವವನು ಲೂಕ ಮಾತ್ರ. ನಾವು ಮೂರನ್ನೂ ಬೆರೆಸಿ ನಾಲ್ಕನೆಯ ಮನುಷ್ಯನನ್ನು ಮಾಡಿಕೊಂಡಿದ್ದೇವೆ.

ಸಣ್ಣ ವ್ಯತ್ಯಾಸಗಳಲ್ಲಿ ದೊಡ್ಡ ಅರ್ಥ ಅಡಗಿರಬಹುದು. 'ವಂಚಿಸಬೇಡ' ಎಂಬ ಆಜ್ಞೆ ಮಾರ್ಕನಲ್ಲಿ ಮಾತ್ರ ಇದೆ. ಹತ್ತು ಆಜ್ಞೆಗಳ ಪಟ್ಟಿಯಲ್ಲಿ ಅದು ಆ ರೂಪದಲ್ಲಿಲ್ಲ. ಅಲ್ಲಿ ಬಳಸಿದ ಗ್ರೀಕ್ ಪದವನ್ನು ಆಳಿಗೆ ಸಲ್ಲಬೇಕಾದ ಕೂಲಿಯನ್ನು ಹಿಡಿದಿಟ್ಟುಕೊಳ್ಳುವುದಕ್ಕೂ ಬಳಸುತ್ತಿದ್ದರು. ಆಸ್ತಿವಂತನ ಎದುರಿಗೆ ಈ ಮಾತು ಬಂದಿರುವುದು ಯೋಚಿಸುವಂತೆ ಮಾಡುತ್ತದೆ. ಯೇಸು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದನೆಂದು ಹೇಳುವವನೂ ಮಾರ್ಕನೇ. ಹಾಗಾದರೆ ಮುಂದೆ ಬರುವ ಕಠಿಣ ಮಾತು ಕೋಪದ ಮಾತಲ್ಲ. ಇತ್ತ ಮತ್ತಾಯನು ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯನ್ನು ಸೇರಿಸುತ್ತಾನೆ. ಜೊತೆಗೆ, ನೀನು ಪರಿಪೂರ್ಣನಾಗಬೇಕೆಂದಿದ್ದರೆ ಎಂಬ ಷರತ್ತನ್ನೂ ಇಡುತ್ತಾನೆ. ಈ ಒಂದು ಷರತ್ತಿನ ಸುತ್ತ ಮುಂದೆ ಶತಮಾನಗಳ ಚರ್ಚೆಯೇ ನಡೆಯಿತು.

ಒಂಟೆಯೋ ಹಗ್ಗವೋ?

ಎರಡನೆಯ ಹೆಜ್ಜೆ, ಪಾಠವನ್ನು ಪರಿಶೀಲಿಸುವುದು. ಮುದ್ರಣ ಬರುವ ಮೊದಲು ಗ್ರಂಥಗಳನ್ನು ಕೈಯಿಂದ ನಕಲು ಮಾಡುತ್ತಿದ್ದರು. ನಮ್ಮ ಹಳಗನ್ನಡ ಕಾವ್ಯಗಳಂತೆ ಅಲ್ಲಿಯೂ ಪಾಠಾಂತರಗಳು ಹುಟ್ಟಿಕೊಂಡವು. ಗ್ರೀಕಿನಲ್ಲಿ ಒಂಟೆಗೆ 'ಕಾಮೆಲೋಸ್', ಹಡಗಿನ ದಪ್ಪ ಹಗ್ಗಕ್ಕೆ 'ಕಾಮಿಲೋಸ್'. ಕಾಲಾಂತರದಲ್ಲಿ ಎರಡರ ಉಚ್ಚಾರಣೆಯೂ ಒಂದೇ ಆಯಿತು. ಕೆಲವು ಹಸ್ತಪ್ರತಿಗಳಲ್ಲಿ ಒಂಟೆ ಹೋಗಿ ಹಗ್ಗ ಬಂದಿದೆ. ಹಗ್ಗವಾದರೆ ಸೂಜಿಗೂ ಅದಕ್ಕೂ ಏನೋ ನಂಟಿದೆ, ಚಿತ್ರ ಸ್ವಲ್ಪ ಹೊಂದುತ್ತದೆ!

ಇನ್ನೊಂದು ಉದಾಹರಣೆ ನೋಡಿ. ಮಾರ್ಕನ 24ನೆಯ ವಚನ, ದೇವರ ರಾಜ್ಯವನ್ನು ಸೇರುವುದು ಎಷ್ಟೋ ಕಷ್ಟ ಎಂದಷ್ಟೇ ಹೇಳುತ್ತದೆ. ಅನೇಕ ಹಸ್ತಪ್ರತಿಗಳಲ್ಲಿ ಅದರ ಮಧ್ಯೆ 'ಹಣವನ್ನು ನೆಚ್ಚಿಕೊಂಡವರಿಗೆ' ಎಂಬ ಮಾತು ಸೇರಿದೆ. ನಾಲ್ಕನೆಯ ಶತಮಾನದ ಎರಡು ಪ್ರಮುಖ ಪ್ರತಿಗಳಾದ ಸಿನೈಟಿಕಸ್ ಮತ್ತು ವ್ಯಾಟಿಕಾನಸ್‌ಗಳಲ್ಲಿ ಅದು ಇಲ್ಲ. ಸೇರಿಸಿದ್ದರಿಂದ ಏನಾಯಿತು? ಹಣವಿದ್ದರೂ ಅದನ್ನು ನೆಚ್ಚಿಕೊಳ್ಳದಿದ್ದರೆ ಸಾಕು ಎಂಬ ಸಮಾಧಾನ ಸಿಕ್ಕಿತು.

ಎರಡು ಪಾಠಗಳಿದ್ದಾಗ, ಬೇರೆ ಆಧಾರಗಳು ಸಮವಾಗಿದ್ದರೆ, ಕಠಿಣವಾದದ್ದೇ ಮೂಲಕ್ಕೆ ಹತ್ತಿರವೆಂಬ ಸೂತ್ರವನ್ನು 18ನೆಯ ಶತಮಾನದ ಜರ್ಮನ್ ವಿದ್ವಾಂಸ ಬೆಂಗೆಲ್ ಮುಂದಿಟ್ಟನು. ಕಾರಣ ಸರಳ. ನಕಲು ಮಾಡುವವನು ಒರಟು ಮಾತನ್ನು ನಯಗೊಳಿಸುವ ಸಂಭವ ಹೆಚ್ಚು; ನಯವಾದ ಮಾತನ್ನು ಬೇಕೆಂದೇ ಒರಟು ಮಾಡುವ ಸಂಭವ ಕಡಿಮೆ.

ಪಾಠ ತಿದ್ದಲು ಸಾಧ್ಯವಾಗದಿದ್ದವರು ಸೂಜಿಯನ್ನೇ ದೊಡ್ಡದು ಮಾಡಿದರು. ಜೆರೂಸಲೇಮಿನ ಕೋಟೆಯಲ್ಲಿ 'ಸೂಜಿಯ ಕಣ್ಣು' ಎಂಬ ಚಿಕ್ಕ ಬಾಗಿಲಿತ್ತು, ಹೊರೆ ಇಳಿಸಿ ಮಂಡಿಯೂರಿದರೆ ಒಂಟೆ ಅದರಲ್ಲಿ ತೂರಬಹುದಿತ್ತು ಎಂಬ ವಿವರಣೆಯನ್ನು ನೀವೂ ಕೇಳಿರಬಹುದು. ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತೆಂಬುದಕ್ಕೆ ಆಧಾರವಿಲ್ಲ. ಅದು ಮಧ್ಯಯುಗದಲ್ಲಿ ಬೆಳೆದ ಕಥೆ.

ಅದು ಅತಿಶಯೋಕ್ತಿ, ಅಷ್ಟೇ. ಯೆಹೂದ್ಯರ ತಾಲ್ಮುದ್ ಗ್ರಂಥದಲ್ಲಿ ಸೂಜಿಯ ಕಣ್ಣಲ್ಲಿ ಆನೆ ತೂರುವ ಮಾತು ಬರುತ್ತದೆ. ಹಸಿವಾದಾಗ ನಾವು ಹೊಟ್ಟೆಯಲ್ಲಿ ಇಲಿ ಓಡಾಡುತ್ತಿದೆ ಎನ್ನುತ್ತೇವೆ. ಆಗ ಯಾರೂ ಬೋನು ಹುಡುಕುವುದಿಲ್ಲ. ಒಂಟೆ ತೂರುವುದಿಲ್ಲ ಎಂಬುದೇ ಮಾತಿನ ಅರ್ಥ. ಶಿಷ್ಯರು ಹಾಗೆಯೇ ತಿಳಿದುಕೊಂಡು, ಹಾಗಾದರೆ ಯಾರಿಗೆ ರಕ್ಷಣೆ ಎಂದು ಬೆರಗಾಗಿ ಕೇಳಿದರು. ಸಿರಿಯು ದೇವರ ಆಶೀರ್ವಾದದ ಗುರುತು ಎಂಬ ನಂಬಿಕೆ ಬಲವಾಗಿದ್ದ ಸಮಾಜ ಅದು. ಮನುಷ್ಯರಿಗೆ ಅಸಾಧ್ಯವಾದದ್ದು ದೇವರಿಗೆ ಸಾಧ್ಯ ಎಂದು ಯೇಸು ಉತ್ತರಿಸಿದನೇ ಹೊರತು, ಅದೇನು ಅಷ್ಟು ಕಷ್ಟವಲ್ಲ ಎನ್ನಲಿಲ್ಲ.

ಕೇಳಿಸಿಕೊಂಡವರು ಏನು ಮಾಡಿದರು?

ಮೂರನೆಯ ಹೆಜ್ಜೆ, ನಮಗಿಂತ ಹಿಂದಿನವರು ಈ ಮಾತನ್ನು ಹೇಗೆ ತೆಗೆದುಕೊಂಡರೆಂದು ನೋಡುವುದು.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ ಕ್ಲೆಮೆಂಟ್ ಎಂಬ ಗುರುವಿದ್ದನು. ಸಿರಿವಂತನಿಗೆ ರಕ್ಷಣೆ ಉಂಟೇ ಎಂಬುದರ ಮೇಲೆಯೇ ಅವನು ಒಂದು ಪುಸ್ತಕ ಬರೆದನು. ಬಿಡಬೇಕಾದದ್ದು ಧನದಾಹವನ್ನು, ಧನವನ್ನಲ್ಲ ಎಂಬುದು ಅವನ ವಾದ. ಇದು ನೆಪವೇ? ಅವಸರಪಡಬೇಡಿ. ಎಲ್ಲರೂ ಎಲ್ಲವನ್ನೂ ಬಿಟ್ಟುಬಿಟ್ಟರೆ ಹಸಿದವನಿಗೆ ಅನ್ನ ಹಾಕುವವರು ಯಾರು ಎಂದು ಅವನು ಕೇಳುತ್ತಾನೆ. ಸುವಾರ್ತೆಯಲ್ಲಿಯೇ ಇದಕ್ಕೆ ಬೆಂಬಲವಿದೆ. ಲೂಕನ 8ನೆಯ ಅಧ್ಯಾಯದಲ್ಲಿ ಕೆಲವು ಹೆಂಗಸರು ತಮ್ಮ ಸ್ವಂತ ಹಣದಿಂದ ಯೇಸುವಿಗೂ ಶಿಷ್ಯರಿಗೂ ನೆರವಾಗುತ್ತಾರೆ. 19ನೆಯ ಅಧ್ಯಾಯದಲ್ಲಿ ಸುಂಕದ ಅಧಿಕಾರಿ ಜಕ್ಕಾಯನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎನ್ನುತ್ತಾನೆ. ಉಳಿದರ್ಧವನ್ನೂ ಕೊಡು ಎಂದು ಯೇಸು ಅವನಿಗೆ ಹೇಳುವುದಿಲ್ಲ.

ಅದೇ ಈಜಿಪ್ಟಿನಲ್ಲಿ, ಕ್ರಿ.ಶ. 270ರ ಸುಮಾರಿಗೆ, ತಂದೆತಾಯಿಗಳನ್ನು ಕಳೆದುಕೊಂಡಿದ್ದ ಆಂತೋನಿ ಎಂಬ ಯುವಕ ಪ್ರಾರ್ಥನಾಮಂದಿರದಲ್ಲಿ ಮತ್ತಾಯನ ಈ ವಚನವನ್ನು ಓದುವುದನ್ನು ಕೇಳಿದನು. ತನಗೇ ಹೇಳಿದ ಮಾತೆಂದು ಭಾವಿಸಿ, ಹೊಲಗಳನ್ನು ಊರವರಿಗೆ ಬಿಟ್ಟುಕೊಟ್ಟನು. ಉಳಿದದ್ದನ್ನು ಮಾರಿ, ತಂಗಿಗಾಗಿ ಸ್ವಲ್ಪ ಇಟ್ಟು, ಬಡವರಿಗೆ ಹಂಚಿದನು. ಕ್ರೈಸ್ತ ಸನ್ಯಾಸ ಪರಂಪರೆ ಅವನನ್ನು ತನ್ನ ಹಿರಿಯನೆಂದು ಗೌರವಿಸುತ್ತದೆ. 13ನೆಯ ಶತಮಾನದ ಆರಂಭದಲ್ಲಿ ಇಟಲಿಯ ಅಸ್ಸೀಸಿಯ ಫ್ರಾನ್ಸಿಸನೂ ತನ್ನ ಜೀವನಕ್ಕೆ ಇದೇ ವಚನವನ್ನು ಆಧಾರ ಮಾಡಿಕೊಂಡನು.

ನಾಲ್ಕನೆಯ ಶತಮಾನದಲ್ಲಿ ಇಂದಿನ ಟರ್ಕಿಯಲ್ಲಿರುವ ಕೈಸರೇಯದ ಬೆಸಿಲನು ಇನ್ನೊಂದು ಮಾರ್ಗ ಹಿಡಿದನು. ನೆರೆಯವನನ್ನು ತನ್ನಂತೆಯೇ ಪ್ರೀತಿಸಿದ್ದೇನೆಂದು ಈ ಯುವಕ ಹೇಳುತ್ತಾನಲ್ಲ, ಅದು ನಿಜವಾಗಿದ್ದರೆ ನೆರೆಯವನಿಗಿಂತ ಇಷ್ಟೊಂದು ಹೆಚ್ಚು ಅವನ ಬಳಿ ಉಳಿದದ್ದು ಹೇಗೆ ಎಂದು ಕೇಳಿದನು. ಇದು ಲೆಕ್ಕಪತ್ರ ತೆಗೆದು ನೋಡುವ ವ್ಯಾಖ್ಯಾನ! ಬೆಸಿಲನು ಮಾತಿಗೆ ನಿಲ್ಲಲಿಲ್ಲ. ತನ್ನ ಪಟ್ಟಣದ ಹೊರಗೆ ಬಡವರಿಗೂ ರೋಗಿಗಳಿಗೂ ದೊಡ್ಡದೊಂದು ಆಶ್ರಯಧಾಮವನ್ನೇ ಕಟ್ಟಿಸಿದನು.

ಮುಂದೆ 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್, ಆಜ್ಞೆ ಎಲ್ಲರಿಗೂ ಕಡ್ಡಾಯ, ಸರ್ವಸ್ವತ್ಯಾಗವಾದರೋ ಹೆಚ್ಚಿನದನ್ನು ಬಯಸುವವರಿಗೆ ಕೊಟ್ಟ ಸಲಹೆ ಎಂದು ಎರಡನ್ನೂ ವಿಂಗಡಿಸಿದನು. ಮತ್ತಾಯನ ಆ ಷರತ್ತು ಇದಕ್ಕೆ ಆಧಾರ. 16ನೆಯ ಶತಮಾನದಲ್ಲಿ ಕ್ಯಾಲ್ವಿನ್ ಇದನ್ನು ಒಪ್ಪಲಿಲ್ಲ. ಇದು ಈ ಒಬ್ಬ ಮನುಷ್ಯನ ಒಳಗಿನ ರೋಗವನ್ನು ಹೊರಗೆ ತೋರಿಸಲು ಕೊಟ್ಟ ಔಷಧಿ ಎಂಬುದು ಅವನ ಅಭಿಪ್ರಾಯ. 20ನೆಯ ಶತಮಾನದ ಲ್ಯಾಟಿನ್ ಅಮೆರಿಕದಲ್ಲಿ ಬೆಳೆದ ವಿಮೋಚನಾ ದೈವಶಾಸ್ತ್ರ ಪ್ರಶ್ನೆಯನ್ನೇ ವಿಸ್ತರಿಸಿತು. ಪೆರು ದೇಶದ ಗುಸ್ತಾವೊ ಗುಟಿಯೆರೆಜ್ ಅವರ ಗ್ರಂಥ 1971ರಲ್ಲಿ ಬಂದ ಮೇಲೆ, ಬಡವನಿಗೆ ಕೊಡುವುದಷ್ಟೇ ಸಾಕೇ, ಅವನು ಬಡವನಾದದ್ದು ಯಾವ ವ್ಯವಸ್ಥೆಯಿಂದ ಎಂದು ಕೇಳಬೇಡವೇ ಎಂಬ ಚರ್ಚೆ ಜಗತ್ತಿನೆಲ್ಲೆಡೆ ಹಬ್ಬಿತು.

ಈ ಪ್ರಸಂಗ ಕ್ರೈಸ್ತರ ಸ್ವತ್ತಾಗಿಯೇ ಉಳಿಯಲಿಲ್ಲ. 1916ರ ಡಿಸೆಂಬರ್ 22ರಂದು ಗಾಂಧೀಜಿ ಅಲಹಾಬಾದಿನ ಮ್ಯೂರ್ ಕಾಲೇಜಿನ ಅರ್ಥಶಾಸ್ತ್ರ ಸಂಘದಲ್ಲಿ ಭಾಷಣ ಮಾಡಿದರು. ಆರ್ಥಿಕ ಪ್ರಗತಿ ನಿಜವಾದ ಪ್ರಗತಿಗೆ ಅಡ್ಡಿಯೇ ಎಂಬುದು ವಿಷಯ. ಅಲ್ಲಿ ಅವರು ಮಾರ್ಕನ ಇದೇ ಪ್ರಸಂಗವನ್ನು ಓದಿ ತಮ್ಮ ವಾದಕ್ಕೆ ಆಧಾರ ಮಾಡಿಕೊಂಡರು. ಕೇಳುತ್ತಿದ್ದವರಲ್ಲಿ ನಿಮ್ಮಂಥ ಕಾಲೇಜು ವಿದ್ಯಾರ್ಥಿಗಳೂ ಇದ್ದರು.

ಓದುವವನಿಗೇ ಪರೀಕ್ಷೆ

ಇಷ್ಟೊಂದು ವ್ಯಾಖ್ಯಾನಗಳಿದ್ದರೆ ಯಾರು ಏನು ಬೇಕಾದರೂ ಹೇಳಬಹುದಲ್ಲ ಎಂದು ನೀವು ಕೇಳಬಹುದು. ಹಾಗಲ್ಲ. ಒಂದೇ ದತ್ತಾಂಶಕ್ಕೆ ಹಲವು ವಿವರಣೆಗಳಿದ್ದಾಗ ವಿಜ್ಞಾನಿ ಕೈಕಟ್ಟಿ ಕೂರುವುದಿಲ್ಲ. ಯಾವ ವಿವರಣೆ ಎಲ್ಲ ಅಂಶಗಳನ್ನೂ ಒಳಗೊಳ್ಳುತ್ತದೆ, ಯಾವುದು ಕೆಲವನ್ನು ಬಿಟ್ಟುಬಿಡುತ್ತದೆ ಎಂದು ನೋಡುತ್ತಾನೆ. ಇಲ್ಲಿಯೂ ಅದೇ ಪರೀಕ್ಷೆಯನ್ನು ಮಾಡೋಣ.

ಈ ಪ್ರಸಂಗದಲ್ಲಿ ಎಷ್ಟು ಜನರಿದ್ದಾರೆ? ಕೇಳಲು ಬಂದವನು, ಕರೆದವನು, ನೋಡುತ್ತಿರುವ ಶಿಷ್ಯರು. ಇವರಲ್ಲದೆ, ಒಂದು ಮಾತನ್ನೂ ಆಡದ, ಹೆಸರೂ ಇಲ್ಲದ ಇನ್ನೊಂದು ಗುಂಪಿದೆ. ಮಾರಿ ಬಂದ ಹಣ ಯಾರಿಗೆ ಸೇರಬೇಕೋ ಆ ಬಡವರು. ವ್ಯಾಖ್ಯಾನ ಮುಗಿದ ಮೇಲೆ ಇವರೆಲ್ಲಿದ್ದಾರೆ ಎಂದು ಕೇಳಿ. ಕ್ಲೆಮೆಂಟನ ಓದು ಮೃದುವಾಗಿದ್ದರೂ ಹಸಿದವನು ಅದರಲ್ಲಿ ಉಳಿದಿದ್ದಾನೆ. ಆಂತೋನಿಯಲ್ಲಿ, ಬೆಸಿಲನಲ್ಲಿ ಅವನಿಗೆ ಏನೋ ಸಿಕ್ಕಿದೆ. ಆದರೆ ಕೋಟೆಯ ಚಿಕ್ಕ ಬಾಗಿಲಿನ ಕಥೆಯಲ್ಲಿ? ಒಂಟೆ ಮಂಡಿಯೂರಿ ಒಳಗೆ ಹೋಯಿತು. ಬಡವ ಹೊರಗೇ ನಿಂತ. ಸಿರಿವಂತನ ಆತ್ಮದ ವಿಚಾರವನ್ನಷ್ಟೇ ಆಡಿ ಬಡವನನ್ನು ಮರೆಯುವ ವ್ಯಾಖ್ಯಾನ ಎಷ್ಟೇ ಪಾಂಡಿತ್ಯಪೂರ್ಣವಾಗಿದ್ದರೂ ಅಪೂರ್ಣ. ಬಡವನನ್ನು ನೆನೆದು, ಹೊರಟುಹೋದವನನ್ನು ದ್ವೇಷಿಸುವ ವ್ಯಾಖ್ಯಾನವೂ ಅಪೂರ್ಣವೇ. ಅವನನ್ನು ಪ್ರೀತಿಯಿಂದ ನೋಡಿದ ನೋಟ ಅದರಲ್ಲಿ ಬಿಟ್ಟುಹೋಗಿರುತ್ತದೆ.

ಇನ್ನೊಂದು ಎಚ್ಚರಿಕೆ ಬೇಕು. ಸಿರಿವಂತನೆಂದರೆ ಯಾರು ಎಂದು ಯಾರನ್ನೇ ಕೇಳಿ, ತನಗಿಂತ ಹೆಚ್ಚು ಇರುವವನ ಕಡೆಗೆ ಬೆರಳು ತೋರಿಸುತ್ತಾನೆ. ನಾವು ವಿದ್ಯಾರ್ಥಿಗಳು, ನಮ್ಮ ಹತ್ತಿರ ಏನಿದೆ ಎಂದು ನೀವೂ ಹೇಳಬಹುದು. ಕಾಲೇಜಿನ ಎದುರಿನ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನ ಕಣ್ಣಿಗೆ ನೀವು ಏನಾಗಿ ಕಾಣುತ್ತೀರಿ, ಯೋಚಿಸಿ. ಪುಸ್ತಕ, ಸಮಯ, ಇಂಗ್ಲಿಷು, ಮನೆಯವರ ಬೆಂಬಲ ಎಲ್ಲವೂ ಆಸ್ತಿಯೇ. ನನಗೆ ಏನೂ ಖರ್ಚಾಗದ ಅರ್ಥ ನನಗೆ ಹೊಳೆದಾಗ, ಅದನ್ನು ಎರಡನೆಯ ಬಾರಿ ಪರೀಕ್ಷಿಸುವುದು ಒಳ್ಳೆಯದು. ಅದು ತಪ್ಪೇ ಆಗಬೇಕೆಂದಿಲ್ಲ, ಆದರೆ ಸಂಶಯಕ್ಕೆ ಅರ್ಹ.

ಈ ವಾರ ಒಂದು ಕೆಲಸ ಮಾಡಿ. ಹೊಸ ಒಡಂಬಡಿಕೆಯ ಕನ್ನಡ ಅನುವಾದ ದೊರೆತರೆ ಈ ಮೂರೂ ಅಧ್ಯಾಯಗಳನ್ನು ಓದಿ, ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕಿ, ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಗುರುತು ಮಾಡಿ. ಮಾರ್ಕನಲ್ಲಿ ಇದಕ್ಕೆ ಸ್ವಲ್ಪ ಹಿಂದೆ ಯೇಸು ಮಕ್ಕಳನ್ನು ಅಪ್ಪಿಕೊಳ್ಳುವ ಪ್ರಸಂಗವಿದೆ. ಮಕ್ಕಳು ಬರಿಗೈಯಲ್ಲಿ ಬಂದವರು, ಇವನು ತುಂಬಿದ ಕೈಯಲ್ಲಿ ಬಂದವನು. ಎರಡೂ ಅಕ್ಕಪಕ್ಕದಲ್ಲಿರುವುದು ಏಕಿರಬಹುದು ಎಂದು ಗೆಳೆಯರೊಡನೆ ಚರ್ಚಿಸಿ. ನೀವು ಯಾವ ಧರ್ಮದವರೇ ಆಗಿರಿ, ನಿಮ್ಮ ಮನೆಯಲ್ಲಿ ಗೌರವಿಸುವ ಗ್ರಂಥದ ಒಂದು ಕಠಿಣ ಮಾತನ್ನೂ ಇದೇ ಕ್ರಮದಲ್ಲಿ ಪರಿಶೀಲಿಸಬಹುದು. ಆ ಸಿರಿವಂತ ಮುಂದೆ ಏನಾದನೆಂದು ಸುವಾರ್ತೆ ಹೇಳುವುದಿಲ್ಲ. ತನ್ನ ಕೊರತೆ ಯಾವುದೆಂಬುದು ಅವನಿಗೆ ಗೊತ್ತಾಯಿತು, ಅಷ್ಟು ಮಾತ್ರ ನಿಜ. ಒಳ್ಳೆಯ ಓದು ನಮಗೂ ಕಡೆಯಪಕ್ಷ ಅಷ್ಟನ್ನಾದರೂ ಮಾಡಿಕೊಡಬೇಕು.